ಖಾಲಿ ತಕ್ಕಡಿ, ತುಂಬಿದ ಕೊಡ

ಕನ್ನಡದಲ್ಲಿ ತಪ್ಪುವುದಕ್ಕೆ ಹಲವು ದಾರಿಗಳಿವೆ. ಬಸ್ಸು ಗಕ್ಕನೆ ಬ್ರೇಕ್ ಹಾಕಿದರೆ ನಿಂತವರು ಆಯ ತಪ್ಪುತ್ತಾರೆ. ಒಲೆಯ ಮೇಲಿನ ಬೆಲ್ಲದ ಪಾಕ ಹದ ತಪ್ಪುತ್ತದೆ. ಭಜನೆಯಲ್ಲಿ ಒಬ್ಬರ ತಾಳ ತಪ್ಪಿದರೆ ಉಳಿದವರೆಲ್ಲ ಅವರತ್ತ ತಿರುಗಿ ನೋಡುತ್ತಾರೆ. ಸಿಟ್ಟು ನೆತ್ತಿಗೇರಿದವರು ಸ್ತಿಮಿತ ಕಳೆದುಕೊಳ್ಳುತ್ತಾರೆ. ಬಾಯಿಗೆ ಬಂದದ್ದು ಆಡುವವರ ಮಾತಿಗೆ ತೂಕವಿಲ್ಲ ಎನ್ನುತ್ತೇವೆ. ಒಂದೊಂದು ತಪ್ಪಿಗೂ ಅದರದೇ ಆದ ನಷ್ಟವಿದೆ, ಅದರದೇ ಆದ ಪರಿಹಾರವಿದೆ. ಆಯ ತಪ್ಪಿದವರಿಗೆ ಕೈ ಕೊಡಬೇಕು. ಹದ ತಪ್ಪಿದ ಪಾಕಕ್ಕೆ ನೀರು ಹಾಕಬೇಕು. ತಾಳ ತಪ್ಪಿದವರು ಒಂದು ಆವರ್ತ ಸುಮ್ಮನಿದ್ದು ಮತ್ತೆ ಸೇರಿಕೊಳ್ಳಬೇಕು.

ಈಗ ಇವೆಲ್ಲದರ ಮೇಲೆ ಒಂದೇ ಪದವನ್ನು ಹೊದಿಸಿದ್ದೇವೆ: ಸಮತೋಲನ. ದಿನದ ಮಾತಿನಲ್ಲಾದರೆ ಬ್ಯಾಲೆನ್ಸ್. ಬ್ಯಾಂಕಿನಲ್ಲಿ ಉಳಿದ ದುಡ್ಡು, ಸೈಕಲ್ ಮೇಲಿನ ಹಿಡಿತ, ಊಟದ ಪೋಷಕಾಂಶ, ಮನೆ ಮತ್ತು ಕೆಲಸದ ನಡುವಿನ ಹೊಂದಾಣಿಕೆ, ಪತ್ರಿಕಾ ವರದಿಯ ನಿಷ್ಪಕ್ಷಪಾತ, ಎಲ್ಲವೂ ಬ್ಯಾಲೆನ್ಸ್. ಎರಡೂ ಪದಗಳ ಹೊಟ್ಟೆಯಲ್ಲಿರುವುದು ತಕ್ಕಡಿಯೇ. ಇಂಗ್ಲಿಷಿನ ಪದ ಲ್ಯಾಟಿನ್ನಿನಲ್ಲಿ ‘ಎರಡು ತಟ್ಟೆಗಳುಳ್ಳದ್ದು’ ಎಂಬ ಮಾತಿನಿಂದ ಬಂದಿದೆ. ನಮ್ಮ ತೋಲನಕ್ಕೆ ತುಲೆ, ತುಲಾಭಾರಗಳ ನೆಂಟಸ್ತಿಕೆ ಇದೆ. ಹೀಗಾಗಿ ಯಾರೋ ಸಮತೋಲನ ಕಳೆದುಕೊಂಡಿದ್ದಾರೆ ಎಂದ ಕೂಡಲೇ ಮನಸ್ಸಿನಲ್ಲಿ ಒಂದೇ ಚಿತ್ರ ಮೂಡುತ್ತದೆ. ಎರಡು ತಟ್ಟೆಗಳು ಒಂದೇ ಮಟ್ಟದಲ್ಲಿರಬೇಕಿತ್ತು, ಒಂದು ಕೆಳಗಿಳಿದಿದೆ, ಅಂದರೆ ಏನೋ ಕೆಟ್ಟಿದೆ.

ಈ ಚಿತ್ರ ಎಷ್ಟು ಸರಿ ಎಂದು ಯೋಚಿಸಲು ನನಗೆ ಕಾರಣವಿದೆ. ಕರ್ನಾಟಕದ ‘ಪ್ರಾದೇಶಿಕ ಅಸಮತೋಲನ’ದ ಚರ್ಚೆಯಲ್ಲಿ ನ್ಯಾಯದ ಕಲ್ಪನೆ ಹೇಗೆ ಬೆಳೆದಿದೆ ಎಂಬುದು ನನ್ನ ಪಿಎಚ್‌ಡಿಯ ವಿಷಯ. ನನ್ನ ಊರು ರಾಯಚೂರು ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಎರಡು ವರ್ಷದ ಹಿಂದೆ ಸಂಶೋಧನೆಯ ಪ್ರಗತಿ ಪರಿಶೀಲನೆಯ ಸಭೆಯಲ್ಲಿ, ನನ್ನ ಅಧ್ಯಾಯವೊಂದನ್ನು ಓದಿ ಬಂದಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು, “ಬರವಣಿಗೆ ಚೆನ್ನಾಗಿದೆ, ಅಂಕಿಅಂಶದಲ್ಲೂ ತಪ್ಪಿಲ್ಲ. ಆದ್ರೆ ಬ್ಯಾಲೆನ್ಸ್ ಇಲ್ಲ. ನೀವು ಆ ಕಡೆಯವರೇ ಅಲ್ವಾ?” ಎಂದರು. ಅವರ ದನಿಯಲ್ಲಿ ಕಹಿ ಇರಲಿಲ್ಲ, ಒಳ್ಳೆಯದಾಗಲಿ ಎಂದೇ ಹೇಳಿದರು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅಂಕಿಅಂಶ ಸರಿಯಿದ್ದೂ ಬ್ಯಾಲೆನ್ಸ್ ಇಲ್ಲದಿರುವುದು ಎಂದರೆ ಏನು? ಅಲ್ಲಿ ತಪ್ಪಿದ್ದು ತೂಕವೋ, ಆಯವೋ, ಹದವೋ?

ತಕ್ಕಡಿಯಿಂದಲೇ ಶುರು ಮಾಡೋಣ. ನಮ್ಮ ಕಡೆ ಹತ್ತಿ ಮಾರಲು ಬಂದ ರೈತರು ತೂಕಕ್ಕೆ ಮೊದಲು ಹೇಳುವ ಮಾತೊಂದಿದೆ: “ಮೊದ್ಲ ಖಾಲಿ ತೋರಿಸ್ರಿ.” ತಟ್ಟೆಯ ತಕ್ಕಡಿಯಾದರೆ ಮುಳ್ಳು ನಡುವೆ ನಿಲ್ಲಬೇಕು, ಎಲೆಕ್ಟ್ರಾನಿಕ್ ಯಂತ್ರವಾದರೆ ಸೊನ್ನೆ ತೋರಿಸಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯಾಪಾರದ ತಕ್ಕಡಿಗಳನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕಾದದ್ದು ಇದೇ ಕಾರಣಕ್ಕೆ. ಖಾಲಿ ಇದ್ದಾಗ ಅದು ಯಾರ ಕಡೆಗೂ ವಾಲಬಾರದು. ಆದರೆ ಹತ್ತಿಯ ಅಂಡಿಗೆ ಮೇಲೇರಿದ ಮೇಲೂ ಮುಳ್ಳು ಅಲ್ಲಾಡದಿದ್ದರೆ ಅದನ್ನು ಯಾರೂ ನಿಷ್ಪಕ್ಷಪಾತಿ ತಕ್ಕಡಿ ಎಂದು ಹೊಗಳುವುದಿಲ್ಲ. ಕೆಟ್ಟಿದೆ, ಬೇರೆ ತನ್ನಿ ಎನ್ನುತ್ತಾರೆ.

ಅಂದರೆ ತಕ್ಕಡಿಗೆ ಎರಡು ಧರ್ಮಗಳಿವೆ: ಖಾಲಿ ಇದ್ದಾಗ ಸಮವಾಗಿ ನಿಲ್ಲುವುದು, ಭಾರ ಬಿದ್ದಾಗ ಭಾರವಿದ್ದ ಕಡೆ ಇಳಿಯುವುದು. ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಗ್ರಂಥಾಲಯದ ಹೊಸ ನ್ಯಾಯದೇವತೆಯ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಕಣ್ಣಿಗೆ ಕಟ್ಟಿದ್ದ ಬಟ್ಟೆ ಹೋಗಿತ್ತು, ಕತ್ತಿಯ ಜಾಗಕ್ಕೆ ಸಂವಿಧಾನ ಬಂದಿತ್ತು. ತಕ್ಕಡಿ ಮಾತ್ರ ಹಾಗೇ ಉಳಿದಿತ್ತು. ಇಂಥ ಶಿಲ್ಪಗಳ ತಟ್ಟೆಗಳು ಸಾಮಾನ್ಯವಾಗಿ ಸಮವಾಗಿರುತ್ತವೆ, ಏಕೆಂದರೆ ಅವು ಖಾಲಿ. ವಿಚಾರಣೆ ಶುರುವಾಗುವ ಮುನ್ನ ಅದು ಸರಿಯಾದ ಚಿತ್ರ. ತೀರ್ಪಿನ ದಿನ ಅದು ಹಾಗೇ ಉಳಿದರೆ ಯಾರಿಗೂ ನ್ಯಾಯ ಸಿಗಲಿಲ್ಲ ಎಂದರ್ಥ.

ಪತ್ರಿಕೋದ್ಯಮದಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆಯಿದೆ. ಮ್ಯಾಕ್ಸ್‌ವೆಲ್ ಬಾಯ್‌ಕಾಫ್ ಮತ್ತು ಜೂಲ್ಸ್ ಬಾಯ್‌ಕಾಫ್ ಎಂಬ ಸೋದರರು ಅಮೆರಿಕದ ಪ್ರಮುಖ ಪತ್ರಿಕೆಗಳು 1988ರಿಂದ 2002ರವರೆಗೆ ಜಾಗತಿಕ ತಾಪಮಾನದ ಬಗ್ಗೆ ಬರೆದ ವರದಿಗಳನ್ನು ಪರಿಶೀಲಿಸಿ 2004ರಲ್ಲಿ ಲೇಖನ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ವರದಿಗಳು, ತಾಪ ಏರಿಕೆಗೆ ಮನುಷ್ಯ ಕಾರಣ ಎಂಬ ವಾದಕ್ಕೂ ಅದೆಲ್ಲ ಪ್ರಕೃತಿಯ ಸಹಜ ಏರಿಳಿತ ಎಂಬ ವಾದಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಜಾಗ ಕೊಟ್ಟಿದ್ದವು. ವಿಜ್ಞಾನಿಗಳ ನಡುವೆ ಆ ಎರಡು ವಾದಗಳಿಗೆ ಸಮನಾದ ತೂಕ ಇರಲಿಲ್ಲ. ಸಮತೋಲನವೇ ಅಲ್ಲಿ ಪಕ್ಷಪಾತದ ಕೆಲಸ ಮಾಡಿತ್ತು. ವರದಿಗಾರರು ಸುಳ್ಳು ಬರೆಯಲಿಲ್ಲ. ತಕ್ಕಡಿ ವಾಲದಂತೆ ಬೆರಳಿನಿಂದ ಹಿಡಿದುಕೊಂಡಿದ್ದರು, ಅಷ್ಟೇ.

ಆದರೆ ತಕ್ಕಡಿಯ ಚಿತ್ರಕ್ಕೂ ಮಿತಿಯಿದೆ. ತಕ್ಕಡಿ ತೂಗುತ್ತದೆ, ತಾನೇ ನಡೆಯುವುದಿಲ್ಲ. ಮನುಷ್ಯರು ನಡೆಯುತ್ತಾರೆ, ಹೊರುತ್ತಾರೆ, ಎಡವುತ್ತಾರೆ. ಆದ್ದರಿಂದ ‘ಆಯ’ದ ಕಡೆಗೆ ಬರಬೇಕು.

ನಮ್ಮ ಒಳಗಿವಿಯಲ್ಲಿ ಮೂರು ಅರೆವೃತ್ತದ ನಾಳಗಳಿವೆ. ತಲೆ ತಿರುಗಿದಂತೆ ಅವುಗಳೊಳಗಿನ ದ್ರವ ಅಲುಗಿ, ಯಾವ ಕಡೆ ತಿರುಗಿದೆವು ಎಂಬುದನ್ನು ಮಿದುಳಿಗೆ ತಿಳಿಸುತ್ತದೆ. ಪಕ್ಕದಲ್ಲೇ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿರುವ ಎರಡು ಅಂಗಗಳು ನೆಲ ಯಾವ ಕಡೆಗಿದೆ ಎಂಬುದನ್ನು ಹೇಳುತ್ತವೆ. ಕಣ್ಣು ಮತ್ತು ಕಾಲಿನ ಸ್ನಾಯುಗಳೂ ಸುದ್ದಿ ಕಳಿಸುತ್ತಿರುತ್ತವೆ. ಇಷ್ಟೆಲ್ಲ ಇದ್ದರೂ ನಾವು ಕಂಬದಂತೆ ನಿಲ್ಲುವುದಿಲ್ಲ. ಸುಮ್ಮನೆ ನಿಂತವರ ದೇಹವೂ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹಿಂದೆ ಮುಂದೆ ತೂಗುತ್ತಲೇ ಇರುತ್ತದೆ. ನಡೆಯುವಾಗಲಂತೂ ಪ್ರತಿ ಹೆಜ್ಜೆಯಲ್ಲಿ ಮುಂದಕ್ಕೆ ಬೀಳುತ್ತೇವೆ, ಇನ್ನೊಂದು ಕಾಲು ಬಂದು ಹಿಡಿಯುತ್ತದೆ. ಜೀವಂತ ದೇಹದಲ್ಲಿ ಆಯ ಎನ್ನುವುದು ಗಳಿಗೆ ಗಳಿಗೆಗೂ ತಪ್ಪುತ್ತ, ಮತ್ತೆ ಸಿಗುತ್ತ ಇರುವಂಥದ್ದು.

ಇನ್ನು ಈ ದೇಹಕ್ಕೆ ಭಾರ ಕೊಡಿ. ಟೊಂಕದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಬರುವ ಹೆಂಗಸರನ್ನು ನೆನಪಿಸಿಕೊಳ್ಳಿ. ಕೊಡ ಎಡಕ್ಕಿದ್ದರೆ ಮೈ ಬಲಕ್ಕೆ ವಾಲಿರುತ್ತದೆ, ಬಲಗೈ ಚಾಚಿರುತ್ತದೆ. ಚಿಕ್ಕವರಿದ್ದಾಗ ನಾವು ನಮ್ಮ ಅವ್ವನ ಈ ನಡಿಗೆಯನ್ನು ಅಣಕಿಸಿ ನಗುತ್ತಿದ್ದೆವು. ಆಕೆ ಒಂದು ಸಲ ನಿಂತು, “ನೆಟ್ಟಗ ನಿಂತ್ರ ಕೊಡಾನೂ ಬೀಳ್ತೈತಿ, ನಾನೂ ಬೀಳ್ತೀನಿ. ನೀವೊಂದಿಟು ಹೊತ್ತು ನೋಡ್ರಿ” ಎಂದಿದ್ದಳು. ಆಕೆಯ ಮಾತಿನಲ್ಲಿ ಭೌತಶಾಸ್ತ್ರ ಪೂರ್ತಿ ಇದೆ. ಕೊಡ ಮತ್ತು ಮೈ ಸೇರಿದ ಭಾರದ ಕೇಂದ್ರ ಪಾದಗಳ ಮೇಲೆ ಬರಬೇಕಾದರೆ ಮೈ ವಾಲಲೇಬೇಕು. ಆ ವಾಲುವಿಕೆ ಸಮತೋಲನ ತಪ್ಪಿದ್ದರ ಗುರುತಲ್ಲ. ಭಾರ ಹೊತ್ತಾಗ ಸಮತೋಲನ ಕಾಣುವುದೇ ಹಾಗೆ. ಕೊಡವನ್ನು ಮರೆಮಾಡಿ ಆಕೆಯ ಮೈಯನ್ನಷ್ಟೇ ತೋರಿಸುವ ಚಿತ್ರವೊಂದನ್ನು ಬರೆದರೆ, ನೋಡಿದವರೆಲ್ಲ ‘ಈಕೆಗೆ ನೆಟ್ಟಗೆ ನಿಲ್ಲಲು ಬರುವುದಿಲ್ಲ’ ಎನ್ನುತ್ತಾರೆ.

ಲೋಕದಲ್ಲಿ ಇಂಥ ಚಿತ್ರಗಳು ಬಹಳ ಬರೆಯಲ್ಪಟ್ಟಿವೆ. 1851ರಲ್ಲಿ ಅಮೆರಿಕದ ಲೂಸಿಯಾನಾದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಹೊಸ ಮನೋರೋಗವೊಂದನ್ನು ಕಂಡುಹಿಡಿದೆನೆಂದು ಬರೆದ. ಹೆಸರು ‘ಡ್ರೇಪ್ಟೊಮೇನಿಯಾ’. ಒಡೆಯರ ತೋಟದಿಂದ ಗುಲಾಮರು ಓಡಿಹೋಗುವುದೇ ಅದರ ಲಕ್ಷಣ. ಸರಪಳಿಯನ್ನು ಚಿತ್ರದಿಂದ ಅಳಿಸಿದರೆ ಓಟ ಹುಚ್ಚಾಗಿ ಕಾಣುತ್ತದೆ. ಸ್ತಿಮಿತ ತಪ್ಪಿದವರು ಯಾರು ಎಂದು ಹೇಳುವ ಅಧಿಕಾರ ಬಹಳ ಸಲ ಭಾರ ಹೊರಿಸಿದವರ ಕೈಯಲ್ಲೇ ಇರುತ್ತದೆ. ಮನೆಯಲ್ಲಿ ಎದುರು ಮಾತಾಡಿದ ಸೊಸೆಗೆ, ಕಚೇರಿಯಲ್ಲಿ ದನಿ ಏರಿಸಿದ ಕಿರಿಯರಿಗೆ ನಾವು ಹೇಳುವ ‘ಸ್ವಲ್ಪ ಬ್ಯಾಲೆನ್ಸ್ಡ್ ಆಗಿ ಮಾತಾಡು’ ಎಂಬ ಬುದ್ಧಿವಾದದಲ್ಲೂ ಅದರ ಒಂದು ಎಳೆ ಇದೆ.

ಹಾಗಂತ ಎಲ್ಲ ಅಸಮತೋಲನವೂ ನೋಡುವವರ ಕಣ್ಣಿನ ದೋಷವೇನಲ್ಲ. ಒಳಗಿವಿಯ ಹರಳುಗಳು ಜಾಗ ಬಿಟ್ಟು ಅರೆವೃತ್ತದ ನಾಳಕ್ಕೆ ಸೇರಿಕೊಂಡರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಕೋಣೆ ಗಿರ್ರನೆ ತಿರುಗುತ್ತದೆ. ಕೋಣೆ ತಿರುಗಿಲ್ಲ, ಯಾರೂ ಭಾರ ಹೊರಿಸಿಲ್ಲ. ವೈದ್ಯರು ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳುಗಳನ್ನು ನಾಳದಿಂದ ಹೊರಗೆ ಸರಿಸುತ್ತಾರೆ, ಬಹುತೇಕರಿಗೆ ಗುಣವಾಗುತ್ತದೆ. ಮನಸ್ಸಿಗೂ ಇಂಥ ಕಾಯಿಲೆಗಳಿವೆ, ಅವಕ್ಕೆ ಚಿಕಿತ್ಸೆ ಬೇಕು. ಖಿನ್ನತೆಯಲ್ಲಿ ಬೇಯುತ್ತಿರುವ ಗೆಳೆಯನಿಗೆ ‘ನೀನು ಸರಿಯಾಗೇ ಇದ್ದೀಯ, ಕೆಟ್ಟಿರುವುದು ಸಮಾಜ’ ಎಂದಷ್ಟೇ ಹೇಳಿ ಕಳಿಸಿದರೆ ಅದು ಇನ್ನೊಂದು ಬಗೆಯ ಕ್ರೌರ್ಯ. ಜಗತ್ತು ನೆಟ್ಟಗಿದ್ದು ನಾನು ವಾಲಿರುವುದು ಒಂದು, ಜಗತ್ತೇ ವಾಲಿದ್ದಕ್ಕೆ ನಾನು ಎದುರು ವಾಲಿರುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕಷ್ಟ ಇರುವುದು ಇಲ್ಲಿಯೇ.

ಹಾಗಾದರೆ ನಡುವೆ ನಿಂತುಬಿಡೋಣವೇ? ಸಮತೋಲನ ಎಂದರೆ ನಟ್ಟನಡುವೆ ಎಂಬ ನಂಬಿಕೆಗೆ ‘ಹದ’ ಎಂಬ ನಮ್ಮ ಪದವೇ ಉತ್ತರ ಕೊಡುತ್ತದೆ. ಹದ ಎಂದರೆ ಮಧ್ಯಬಿಂದುವಲ್ಲ. ಒಂದೆಳೆ ಪಾಕದ ಹದಕ್ಕೂ ಚಿಕ್ಕಿಯ ಪಾಕದ ಹದಕ್ಕೂ ಸರಾಸರಿ ತೆಗೆದು ಮಾಡಿದ ಪಾಕ ಯಾವುದಕ್ಕೂ ಬರುವುದಿಲ್ಲ. ಎರೆಭೂಮಿಯ ಹದವೇ ಬೇರೆ, ಮಸಾರಿಯ ಹದವೇ ಬೇರೆ. ಅರಿಸ್ಟಾಟಲ್ ಕೂಡ ಮಧ್ಯಮ ಮಾರ್ಗವನ್ನು ವಿವರಿಸುವಾಗ ಮೈಲೋ ಎಂಬ ಜಟ್ಟಿಯ ಊಟದ ಉದಾಹರಣೆ ಕೊಡುತ್ತಾನೆ. ಹತ್ತು ಪಾಲು ಹೆಚ್ಚು, ಎರಡು ಪಾಲು ಕಡಿಮೆ ಎಂದ ಮಾತ್ರಕ್ಕೆ ಎಲ್ಲರಿಗೂ ಆರು ಪಾಲು ಬಡಿಸಲಾಗದು. ಮೈಲೋನಿಗೆ ಅದು ಸಾಲದು, ಗರಡಿಗೆ ಹೊಸದಾಗಿ ಬಂದವನಿಗೆ ಹೆಚ್ಚಾಗುತ್ತದೆ. ಅಷ್ಟೇ ಅಲ್ಲ, ಕಳವು, ಕೊಲೆಯಂಥ ಕೆಲವಕ್ಕೆ ಹದ ಎಂಬುದೇ ಇಲ್ಲ ಎಂದೂ ಅವನು ಹೇಳುತ್ತಾನೆ. ಮಿತವಾದ ಕಳವು, ಸಮತೋಲಿತ ಕೊಲೆ ಎಂಬುದಿಲ್ಲ. ಕಳ್ಳನಿಗೂ ಮನೆಯವರಿಗೂ ನಡುವೆ ನಿಂತವರು ಅರ್ಧ ಕಳವಿಗೆ ಒಪ್ಪಿಗೆ ಕೊಟ್ಟಂತೆಯೇ.

ಇಷ್ಟು ಹಿನ್ನೆಲೆಯಿಂದ ನನ್ನ ಸಂಶೋಧನೆಯ ಪದಕ್ಕೆ ಬರುತ್ತೇನೆ. ‘ಪ್ರಾದೇಶಿಕ ಅಸಮತೋಲನ’ ಎಂಬ ಮಾತನ್ನು ಕನ್ನಡದಲ್ಲಿ ಮನೆಮಾತಾಗಿಸಿದ್ದು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ. 2002ರಲ್ಲಿ ಅದು ಕೊಟ್ಟ ವರದಿ ಆಗ ಇದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆಯಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು ನೋಡಿದಾಗ 114 ತಾಲ್ಲೂಕುಗಳು ಅದಕ್ಕಿಂತ ಕೆಳಗಿದ್ದವು. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದ’ವು, ಆ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ನಮ್ಮ ಜಿಲ್ಲೆಯ ದೇವದುರ್ಗ ಅವುಗಳಲ್ಲೊಂದು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂತು, ಅದರಡಿ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಸಿಕ್ಕಿತು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಮತ್ತೆ ಒಂದು ಸಮಿತಿ ರಚಿಸಿತು. ಎಂಟು ವರ್ಷದ ಗಡುವು ಮುಗಿದು ಎಷ್ಟೋ ಕಾಲವಾದ ಮೇಲೂ ಅದೇ ಪದ ಬಳಕೆಯಲ್ಲಿದೆ.

ನಂಜುಂಡಪ್ಪ ವರದಿಯ ನೈತಿಕ ಶಕ್ತಿ ಇರುವುದು ಅದು ಮೊದಲು ಖಾಲಿ ತಕ್ಕಡಿ ತೋರಿಸಿದ್ದರಲ್ಲಿ. ಎಲ್ಲ ತಾಲ್ಲೂಕಿಗೂ ಅದೇ 35 ಸೂಚಕಗಳು, ಅದೇ ಲೆಕ್ಕ. ಆಮೇಲೆ ತಕ್ಕಡಿ ಯಾವ ಕಡೆ ಇಳಿಯಿತೋ ಅದನ್ನು ಹಾಗೇ ಬರೆದರು. ದಕ್ಷಿಣದ ತಾಲ್ಲೂಕುಗಳೂ ಆ 39ರಲ್ಲಿವೆ, ಅವನ್ನೂ ಮುಚ್ಚಿಡಲಿಲ್ಲ. ಉತ್ತರಕ್ಕೂ ದಕ್ಷಿಣಕ್ಕೂ ಬೇಸರವಾಗದಂತೆ ಹಿಂದುಳಿದ ತಾಲ್ಲೂಕುಗಳನ್ನು ಅರ್ಧ ಅರ್ಧ ಹಂಚಿದ್ದರೆ ವರದಿ ಬಹಳ ‘ಬ್ಯಾಲೆನ್ಸ್ಡ್’ ಆಗಿ ಕಾಣುತ್ತಿತ್ತು, ಯಾರಿಗೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಆದರೂ ತಕ್ಕಡಿ ಎಲ್ಲವನ್ನೂ ಹೇಳಲಾರದು. ಸರಾಸರಿಯೇ 1 ಎಂದರೆ, ಮುಂದುವರಿದ ತಾಲ್ಲೂಕುಗಳು ಕುಸಿದರೂ ಲೆಕ್ಕದಲ್ಲಿ ಅಂತರ ಕಡಿಮೆಯಾಗುತ್ತದೆ. ಬ್ರಿಟಿಷ್ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1991ರ ಒಂದು ಉಪನ್ಯಾಸದಲ್ಲಿ ಸಮಾನತೆಯ ಬಗ್ಗೆ ಎತ್ತಿದ ಆಕ್ಷೇಪ ಇದೇ. ಅಂತರವೇ ಕೆಟ್ಟದ್ದಾದರೆ, ಕಣ್ಣಿದ್ದವರೂ ಕಣ್ಣು ಕಳೆದುಕೊಂಡು ಎಲ್ಲರೂ ಕುರುಡರಾದರೆ ಒಂದು ರೀತಿಯಲ್ಲಾದರೂ ಒಳ್ಳೆಯದಾಯಿತು ಎಂದು ಒಪ್ಪಬೇಕಾಗುತ್ತದಲ್ಲ? ದೇವದುರ್ಗದ ತಾಯಿಗೆ ಬೇಕಾಗಿರುವುದು ಬೆಂಗಳೂರಿನ ಆಸ್ಪತ್ರೆ ಕೆಡುವುದಲ್ಲ, ತನ್ನೂರಿನ ಆಸ್ಪತ್ರೆಯಲ್ಲಿ ವೈದ್ಯರಿರುವುದು. ಇಲ್ಲಿ ನಾವು ಕೇಳುತ್ತಿರುವುದು ತಟ್ಟೆ ಸಮವಾಗಲಿ ಎಂದಲ್ಲ, ಕೊಡದ ಭಾರ ಇಳಿಯಲಿ ಎಂದು. ಎರಡಕ್ಕೂ ನಾವು ಅಸಮತೋಲನ ಎಂಬ ಒಂದೇ ಪದ ಬಳಸುವುದರಿಂದ ವಾದ ಯಾವಾಗಲೂ ‘ಅವರಿಗೆಷ್ಟು, ನಮಗೆಷ್ಟು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇಲ್ಲೊಂದು ಪ್ರಶ್ನೆ ನನ್ನ ವಾದಕ್ಕೇ ಎದುರಾಗುತ್ತದೆ. ವಾಲಿದವರೆಲ್ಲ ‘ನನ್ನ ಟೊಂಕದ ಮೇಲೆ ಕೊಡ ಇದೆ’ ಎನ್ನಬಹುದಲ್ಲ? ನಮ್ಮ ಕಾಲುವೆಯನ್ನೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಬಹುಭಾಗ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿತವಾದದ್ದು. ಮೇಲ್ಭಾಗದಲ್ಲಿ ಭತ್ತ ಹರಡಿತು. ಬೆಳೆ ಪದ್ಧತಿಯ ಉಲ್ಲಂಘನೆ ಎಂದು ನೀರಾವರಿ ಸಭೆಗಳಲ್ಲಿ ಪ್ರತಿವರ್ಷ ಮಾತಾಗುತ್ತದೆ, ಕೊನೆ ಭಾಗದ ರೈತರು ಗೇಜ್ ಕಾಯ್ದುಕೊಳ್ಳಿ ಎಂದು ರಸ್ತೆಗಿಳಿಯುತ್ತಾರೆ, ನೀರು ಮಾತ್ರ ತಲುಪುವುದಿಲ್ಲ. ಮೇಲ್ಭಾಗದವರೂ ಕಲ್ಯಾಣ ಕರ್ನಾಟಕದವರೇ. ರಾಜ್ಯದ ಮುಂದೆ ಅವರೂ ನಾವೂ ಒಂದೇ ತಟ್ಟೆಯಲ್ಲಿದ್ದೇವೆ, ಕಾಲುವೆಯ ಮುಂದೆ ಬೇರೆ ಬೇರೆ ತಟ್ಟೆಯಲ್ಲಿ. ಕೊನೆ ಭಾಗದ ಊರಿನೊಳಗೂ ಹೊಲವಿದ್ದವರು, ಕೂಲಿಗೆ ಹೋಗುವವರು, ಕೆಲಸ ಹುಡುಕಿ ಬೆಂಗಳೂರಿಗೆ ಗುಳೆ ಹೋಗುವವರು ಎಂಬ ಅಂತರಗಳಿವೆ. ಹಿಂದುಳಿದ ಪ್ರದೇಶ ಎಂಬ ಹೆಸರಿನಲ್ಲಿ ಬಂದ ಅನುಕೂಲ ಅಲ್ಲಿ ಮೊದಲೇ ನೆಟ್ಟಗೆ ನಿಂತವರ ಕೈಗೆ ಸೇರಿದರೆ, ಕೊಡ ಹೊತ್ತವರು ಹಾಗೇ ಉಳಿಯುತ್ತಾರೆ.

ಹಾಗಾಗಿ ನನಗೆ ತೋಚುವ ಪರೀಕ್ಷೆ ಇದು. ಭಾರ ಇದೆ ಎನ್ನುವವರು ಅದನ್ನು ಬೇರೆಯವರೂ ತೂಗಿ ನೋಡಲು ಬಿಡಬೇಕು. ಆ ಭಾರ ಇಳಿದ ದಿನ ತಮ್ಮ ವಾಲುವಿಕೆಯನ್ನೂ ಬಿಡಬೇಕು. ಕೊಡ ಇಳಿಸಿದ ಮೇಲೂ ದಾರಿಯಲ್ಲಿ ಇನ್ನೊಬ್ಬರಿಗೆ ಜಾಗ ಬಿಡದಂತೆ ಓರೆಯಾಗಿ ನಡೆಯುವುದು ನಿಜವಾದ ಅಸಮತೋಲನ. ನನ್ನ ಅಧ್ಯಾಯದಲ್ಲಿ ಬ್ಯಾಲೆನ್ಸ್ ಇಲ್ಲ ಎಂದ ಹಿರಿಯರಿಗೆ ಹೇಳಬಹುದಾದದ್ದೂ ಇದೇ. ಬರೆದವರು ಯಾವ ಕಡೆಯವರು ಎಂಬುದು ಖಾಲಿ ತಕ್ಕಡಿಯನ್ನು ಇನ್ನಷ್ಟು ಎಚ್ಚರದಿಂದ ನೋಡಲು ಕಾರಣ, ಭಾರ ಹಾಕಿದ ಮೇಲೆ ಅದು ವಾಲಬಾರದು ಎನ್ನಲು ಕಾರಣವಲ್ಲ. ನಡುವಿನವರೂ ಎಲ್ಲೋ ಒಂದು ಕಡೆಯವರೇ. ಅವರ ಊರಿನ ನೀರು ನಲ್ಲಿಯಲ್ಲಿ ಬರುತ್ತದೆ, ಅದಕ್ಕೇ ಅವರ ಮೈ ನೆಟ್ಟಗೆ ಕಾಣುತ್ತದೆ.

ಆದರೆ ಪರೀಕ್ಷೆಗೆ ಸಿಗದ ಒಂದು ಸಂಗತಿ ಉಳಿಯುತ್ತದೆ. ಇಪ್ಪತ್ತು ಮೂವತ್ತು ವರ್ಷ ನೀರು ಹೊತ್ತವರ ಬೆನ್ನು, ಕೊಡ ಇಳಿಸಿದ ಮೇಲೂ ಪೂರ್ತಿ ನೆಟ್ಟಗಾಗುವುದಿಲ್ಲ. ಮನೆಮನೆಗೆ ನಲ್ಲಿ ಬಂದ ಮೇಲೆ ಅಂಥವರನ್ನು ನೋಡಿ ‘ಈಗೇನು ಭಾರ ಇದೆ, ಇನ್ನೂ ಯಾಕೆ ವಾಲಿದ್ದೀರಿ’ ಎಂದು ಕೇಳುವುದು ಸುಲಭ. ಆ ಬಾಗು ಮೊದಲು ಹೊರೆಗೆ ಕೊಟ್ಟ ಉತ್ತರವಾಗಿತ್ತು, ಈಗ ಮೈಯದೇ ಆಗಿದೆ. ಅದಕ್ಕೆ ನ್ಯಾಯವೂ ಬೇಕು, ಆರೈಕೆಯೂ ಬೇಕು. ಎಂಟು ವರ್ಷದ ಯೋಜನೆಯ ಲೆಕ್ಕದಲ್ಲಿ ಹಿಡಿಯಲಾಗದ್ದು ಇದು. ಯೋಜನೆ ಮುಗಿದ ಮೇಲೆ ಎಷ್ಟು ಖರ್ಚಾಯಿತು ಎಂದು ಲೆಕ್ಕ ಹಾಕುತ್ತೇವೆ, ಹೊತ್ತವರು ನೆಟ್ಟಗಾಗಲು ಎಷ್ಟು ಕಾಲ ಬೇಕು ಎಂದು ಅವರನ್ನೇ ಕೂರಿಸಿಕೊಂಡು ಕೇಳುವುದಿಲ್ಲ.